ಬೆಳ್ಳೂರಿನಲ್ಲಿ ಒಂದು ಕೆಟ್ಟ ಕೊಕ್ಕರೆ

ಮಕ್ಕಳ ಚಿತ್ರದ ಪುಸ್ತಕ ಎಲ್ಲಿ ಕಂಡರೂ ಕೈಗೆತ್ತಿಕೊಳ್ಳುವ ಚಾಳಿ ಈ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ಮೊಮ್ಮಗಳಿಗೆ ಓದಿ ಹೇಳುತ್ತೇನೆ ಎಂಬುದು ನೆಪ. ಅವಳು ಆಡಲು ಎದ್ದುಹೋದ ಮೇಲೂ ನಾನು ಪುಟ ತಿರುಗಿಸುತ್ತಲೇ ಇರುತ್ತೇನೆ. ಎಷ್ಟು ಅಚ್ಚುಕಟ್ಟಾದ ಲೋಕ ಅದು! ಮೇಲೆ ಚಿತ್ರ, ಕೆಳಗೆ ನಾಲ್ಕು ಸಾಲು ಕತೆ, ಕೊನೆಗೆ ದಪ್ಪಕ್ಷರದಲ್ಲಿ ನೀತಿ. ತಪ್ಪು ಮಾಡಿದವನಿಗೆ ಪುಟ ಮುಗಿಯುವಷ್ಟರಲ್ಲಿ ಬುದ್ಧಿ ಬಂದಿರುತ್ತದೆ. ನನಗೆ ಬುದ್ಧಿ ಬರಲು ಶಾಲೆಯ ಇನ್‌ಸ್ಪೆಕ್ಟರೇ ಬರಬೇಕಾಯಿತು.

ಆಗ ಎರಡನೇ ಮಹಾಯುದ್ಧದ ಕಾಲ. ಹೊಸ ಮೇಷ್ಟ್ರಾದ ನನ್ನನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹಾಕಿದ್ದರು. ಕಾಗದ ಸಿಗದ ದಿನಗಳಾದ್ದರಿಂದ ಮೂರು ಮಕ್ಕಳಿಗೆ ಒಂದು ಪುಸ್ತಕ. ಅದರ ನಾಲ್ಕನೆಯ ಪಾಠ 'ಸುಳ್ಳು ಹೇಳಬಾರದು'. ಒಂಬತ್ತನೆಯದು 'ಕೆಟ್ಟ ಕೊಕ್ಕರೆ'. ಕಪ್ಪೆಯ ಮರಿಗಳನ್ನು ನೋಡಿಕೊಳ್ಳುತ್ತೇನೆಂದು ನಂಬಿಸಿ ನುಂಗಿಬಿಟ್ಟ ಕೊಕ್ಕರೆಯ ಕತೆ. ಚಿತ್ರ ಬರೆದವರು ಅದಕ್ಕೆ ಗಂಟುಹುಬ್ಬು ಬೇರೆ ಇಟ್ಟಿದ್ದರು.

ನಮ್ಮ ಹಿರಿಯರಿಗೆ ಈ ಹಕ್ಕಿಯ ಮೇಲೆ ಅದೇಕೆ ಅಷ್ಟು ಕೋಪವೋ ಕಾಣೆ. ಬಿಳಿ ಮೈ, ಒಂಟಿಕಾಲು, ಅರೆಮುಚ್ಚಿದ ಕಣ್ಣು ಕಂಡದ್ದೇ ಕಪಟ ಸನ್ಯಾಸಿ ಎಂದು ತೀರ್ಮಾನಿಸಿ 'ಬಕಧ್ಯಾನ' ಎಂಬ ಮಾತನ್ನೇ ಹುಟ್ಟಿಸಿಬಿಟ್ಟರು. ಪಾಪ, ಅದು ನಿಲ್ಲುವುದು ಹೊಟ್ಟೆಪಾಡಿಗೆ. ವರ್ಗಾವಣೆ ಕೇಳಲು ಮದ್ದೂರಿನ ಕಚೇರಿಗೆ ಹೋದಾಗ ನಾನೂ ಹಾಗೆಯೇ ನಿಂತಿರುತ್ತಿದ್ದೆ.

ಆದರೆ ಬೆಳ್ಳೂರಿನಲ್ಲಿ ಕೊಕ್ಕರೆ ಎಂದರೆ ಹೆರಿಗೆಗೆ ತವರಿಗೆ ಬಂದ ಮಗಳು. ವರ್ಷವರ್ಷವೂ ಬಂದು, ಮನೆಯಂಗಳದ ಹುಣಸೆಮರದಲ್ಲಿ ಗೂಡು ಕಟ್ಟಿ, ಮರಿ ಬೆಳೆಸಿಕೊಂಡು ಹೋಗುತ್ತದೆ. ಯಾರೂ ಒಂದು ಕಲ್ಲೆಸೆಯುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಒಂಬತ್ತನೆಯ ಪಾಠ ಓದಿಸಲು ಹೊರಟೆ. ಉಳಿದ ಮಕ್ಕಳು ಒಪ್ಪಿಸಿದರು. ಎಲ್ಲರಿಗಿಂತ ಚೆನ್ನಾಗಿ ಓದುವ ತಾಯಮ್ಮ ಎಂಬ ಎಂಟು ವರ್ಷದ ಹುಡುಗಿ ಮಾತ್ರ ಬಾಯಿ ತೆರೆಯಲಿಲ್ಲ. ಗದರಿಸಿದೆ, ಪುಸಲಾಯಿಸಿದೆ. ಕೊನೆಗೆ ಹೇಳಿದಳು:

"ನಮ್ಮಕ್ಕ ಬಾಣಂತನಕ್ಕೆ ಬಂದವ್ಳೆ, ಅವೂ ಬಂದವೆ. ಕೆಟ್ಟವು ಅಂತ ಓದುದ್ರೆ ಸುಳ್ಳು ಏಳ್ದಂಗಾಯ್ತದೆ ಮೇಷ್ಟ್ರೆ. ಏಳ್ಬಾರ್ದು ಅಂತ ನೀವೇ ಓದ್ಸಿದ್ರಿ."

ಓದುವುದೇ ಬೇರೆ, ನಂಬುವುದೇ ಬೇರೆ ಎಂದು ವಿವರಿಸಲು ಹೋದೆ. ಇದು ಮಕ್ಕಳಿಗೆ ಹೇಳಿಕೊಡುವ ಮಾತಲ್ಲ ಎನ್ನಿಸಿ ಅರ್ಧಕ್ಕೇ ನಿಲ್ಲಿಸಿದೆ.

ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಪರೀಕ್ಷೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ತಾಯಮ್ಮನ ಅಪ್ಪ ಮೊದಲೇ ಹೇಳಿಹೋಗಿದ್ದ: "ಈ ಸಲ ಪಾಸಾಗ್ನಿಲ್ಲ ಅಂದ್ರೆ ಇಸ್ಕೂಲು ಬುಡುಸ್ಬುಡ್ತೀನಿ ಮೇಷ್ಟ್ರೆ." ಬಿಡಿಸುವವನೇ ಅವನು. ಆ ವಾರವಿಡೀ, ಅವಳಿಗೆ ಬೇರೆ ಯಾವ ಪಾಠವಾದರೂ ಬರಲಿ ಎಂದು ದೇವರಿಗೆ ಕೈಮುಗಿದೆ.

ಇನ್‌ಸ್ಪೆಕ್ಟರು ಪುಸ್ತಕ ಬಿಡಿಸಿದರೆ ಅದೇ ಪುಟ. ದೇವರನ್ನು ದೂರುವಂತಿರಲಿಲ್ಲ. ತಾಯಮ್ಮನಿಂದ ಓದಿಸಲು ನಾನೇ ದಿನವೂ ಬಿಡಿಸಿ ಬಿಡಿಸಿ ಪುಸ್ತಕ ಅಲ್ಲೇ ತೆರೆದುಕೊಳ್ಳುವುದನ್ನು ಕಲಿತಿತ್ತು. ತಾಯಮ್ಮ ಎದ್ದು ನಿಂತಳು, ತುಟಿ ಬಿಚ್ಚಲಿಲ್ಲ. ಇನ್‌ಸ್ಪೆಕ್ಟರು ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ನನಗೆ ತಡೆಯಲಾಗಲಿಲ್ಲ. ಮಗುವಿಗೆ ಒಂದು ವಾರದಿಂದ ಜ್ವರ ಸ್ವಾಮಿ, ಗಂಟಲು ಕಟ್ಟಿದೆ ಎಂದುಬಿಟ್ಟೆ.

"ನಂಗೇನೂ ಜ್ವರ ಬಂದಿಲ್ಲ" ಎಂದಳು ತಾಯಮ್ಮ. ಗಂಟಲು ಬಹಳ ಚೆನ್ನಾಗಿತ್ತು.

ಇನ್‌ಸ್ಪೆಕ್ಟರು ಲೇಖನಿ ಕೆಳಗಿಟ್ಟು, ಮತ್ತೇಕೆ ಓದಲಿಲ್ಲ ಎಂದು ಕೇಳಿದರು. ಅಕ್ಕನ ಬಾಣಂತನದಿಂದ ಹಿಡಿದು ನಾಲ್ಕನೆಯ ಪಾಠದವರೆಗೆ ಅವಳು ಎಲ್ಲವನ್ನೂ ಹೇಳಿದಳು. ಅವರು ಕಿಟಕಿಯಾಚೆ ಹುಣಸೆಮರವನ್ನು ಸ್ವಲ್ಪ ಹೊತ್ತು ನೋಡಿದರು. ಅಲ್ಲಿ ಕೊಕ್ಕರೆಯೊಂದು ಬಿಸಿಲಿಗೆ ರೆಕ್ಕೆ ಹರಡಿ ಮರಿಗಳಿಗೆ ನೆರಳು ಮಾಡಿಕೊಂಡು ನಿಂತಿತ್ತು. ಆಮೇಲೆ 'ಸುಳ್ಳು ಹೇಳಬಾರದು' ಎಂಬ ಆ ನಾಲ್ಕನೆಯ ಪಾಠ ತೆಗೆದುಕೊಟ್ಟರು. ತಾಯಮ್ಮ ಎಲ್ಲೂ ತಡವರಿಸದೆ ಓದಿದಳು. ಪಾಸು ಎಂದು ಬರೆದರು. ನನ್ನ ಕಣ್ಣು ತುಂಬಿಬಂತು.

ಇನ್ನು ಪುಸ್ತಕ ಮುಚ್ಚುತ್ತಾರೆಂದುಕೊಂಡೆ. ಅವರು ಅದನ್ನು ಮೆಲ್ಲಗೆ ನನ್ನ ಕಡೆಗೆ ತಿರುಗಿಸಿದರು.

"ಮೇಷ್ಟ್ರೇ, ಈಗ ನೀವು ಓದಿ."

ಎದ್ದು ನಿಂತು, ಕೈಕಟ್ಟಿಕೊಂಡು ಓದಿದೆ. ಎರಡು ಕಡೆ ತಡವರಿಸಿದೆ, ತಾಯಮ್ಮ ಮೆತ್ತಗೆ ಎತ್ತಿಕೊಟ್ಟಳು. ಆ ಪಾಠವನ್ನು ಅಲ್ಲಿಯವರೆಗೆ ಎಷ್ಟೋ ಸಲ ಓದಿಸಿದ್ದೆ. ನಾನು ಓದಿದ್ದು ಅವತ್ತೇ.