ಮೂವತ್ತೆರಡು ವರ್ಷ ಬೇರೆಯವರ ಹೆಸರು ಬರೆದ ಕೈ

ಗಜೇಂದ್ರಗಡದಿಂದ ರೋಣಕ್ಕೆ ಹೊರಡುವ ಮೊದಲ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಮೂರನೇ ಸೀಟು ಮೈಲಾರಪ್ಪನವರದು. ಹಾಗೆಂದು ಎಲ್ಲೂ ಬರೆದಿಲ್ಲ. ಆದರೂ ಅಲ್ಲಿ ಬೇರೆ ಯಾರೂ ಕೂರುವುದಿಲ್ಲ. ಹೊರಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ಸಿನ ಮಂಕು ದೀಪದ ಕೆಳಗೆ ಅವರು ತೊಡೆಯ ಮೇಲೆ ಕಡತಗಳ ರಾಶಿ ಹರವಿಕೊಂಡಿದ್ದಾರೆ. ಒಂದು ಕೈಯಲ್ಲಿ ಮೊಬೈಲು, ಅದರಲ್ಲಿ ಇವತ್ತಿನ ‘ಬೋರ್ಡು’. ಕೋರ್ಟಿನಲ್ಲಿ ಇವತ್ತು ಯಾರ ಪ್ರಕರಣ ಎಷ್ಟನೆಯದು ಎಂಬ ಪಟ್ಟಿಗೆ ಅಲ್ಲಿಯ ಮಂದಿ ಹಾಗೆನ್ನುತ್ತಾರೆ. ಇವತ್ತು ಹತ್ತೊಂಬತ್ತು ಕಡತ. ಪಟ್ಟಿಯ ಸಾಲಿನಂತೆ ಜೋಡಿಸಿ, ಒಂದೊಂದಕ್ಕೂ ಬಿಳಿ ದಾರ ಸುತ್ತಿ ಗಂಟು ಹಾಕುತ್ತಾರೆ. ರಸ್ತೆ ಎಷ್ಟು ಎತ್ತಿ ಕುಕ್ಕಿದರೂ ಗಂಟು ತಪ್ಪುವುದಿಲ್ಲ.

ಅದು ನೇಕಾರರ ಗಂಟು. ಮಗ್ಗದ ಮೇಲೆ ಎಳೆ ಹರಿದಾಗ ಹಾಕುವಂಥದ್ದು. ಮೈಲಾರಪ್ಪ ಅದಕ್ಕೊಂದು ಕುಣಿಕೆ ಸೇರಿಸಿಕೊಂಡಿದ್ದಾರೆ. “ಜಡ್ಜ್ ಸಾಹೇಬ್ರು ಕಾಗದ ಕೇಳಿದಾಗ ನಮ್ಮ ವಕೀಲ್ರು ಗಂಟ ಬಿಚ್ಚಕೋತ ನಿಂತ್ರ ಹ್ಯಾಂಗ್ರಿ? ಒಮ್ಮಿ ಎಳದ್ರ ಬಿಚ್ಚಬೇಕು. ಆದ್ರ ತಾನಾಗೇ ಬಿಚ್ಚಬಾರದು” ಎನ್ನುತ್ತಾರೆ. ಮಾತಾಡುವಾಗಲೂ ಕೈ ನಿಲ್ಲುವುದಿಲ್ಲ.

ಇವರು ವಕೀಲರ ಗುಮಾಸ್ತರು. ಮೂವತ್ತೆರಡು ವರ್ಷಗಳಿಂದ ರೋಣದಲ್ಲಿ ಚಂದ್ರಶೇಖರಪ್ಪ ವಕೀಲರ ಬಳಿ ಇದ್ದಾರೆ. ಇಷ್ಟು ವರ್ಷ ಕೋರ್ಟಿನ ಯಾವ ಬಾಗಿಲೂ ಇವರನ್ನು ತಡೆದು “ನೀವ್ಯಾರು?” ಎಂದಿಲ್ಲ. ಈಗ ಕೇಳುತ್ತಿದೆ. ಗುಮಾಸ್ತರ ನೋಂದಣಿ ನಿಯಮ ಬದಲಾಗಿದೆ. ಬರುವ ತಿಂಗಳ ಒಂದನೇ ತಾರೀಖಿನಿಂದ ಗುರುತಿನ ಚೀಟಿ ಇಲ್ಲದವರಿಗೆ ಅರ್ಜಿ ಕೊಡುವ ಕೌಂಟರಿನಲ್ಲೂ ರೆಕಾರ್ಡ್ ರೂಮಿನಲ್ಲೂ ಪ್ರವೇಶವಿಲ್ಲ. ಚೀಟಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಆಗಿಲ್ಲದಿದ್ದರೆ ಹತ್ತು ವರ್ಷ ಕೆಲಸ ಮಾಡಿದ್ದಕ್ಕೆ, ತನ್ನದೇ ಹೆಸರಿರುವ ಕೋರ್ಟಿನ ದಾಖಲೆ ತರಬೇಕು. ಅರ್ಜಿ ಕೊಡಲು ಇವತ್ತು, ಶುಕ್ರವಾರ ಸಂಜೆ ಐದು ಗಂಟೆ, ಕೊನೆ.

ಮೈಲಾರಪ್ಪ ಓದಿದ್ದು ಏಳನೇ ಇಯತ್ತೆ.

ತನ್ನದೇ ಹೆಸರಿರುವ ದಾಖಲೆಯಂತೆ! ಈ ಸಾಲನ್ನು ಬರೆದ ಪುಣ್ಯಾತ್ಮ ಒಬ್ಬ ಗುಮಾಸ್ತನನ್ನಾದರೂ ಕಣ್ಣಾರೆ ಕಂಡಿದ್ದಾನೆಯೇ? ವಕಾಲತ್ತಿನ ಮೇಲೆ ವಕೀಲರ ಹೆಸರು, ದಾವೆಯ ಮೇಲೆ ಪಕ್ಷಗಾರರ ಹೆಸರು, ತೀರ್ಪಿನ ಮೇಲೆ ನ್ಯಾಯಾಧೀಶರ ಹೆಸರು. ಅವನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದು, ಹೊತ್ತು, ಹೊಲಿದು, ಒಪ್ಪಿಸಿದವನ ಹೆಸರು ಯಾವ ಮೂಲೆಯಲ್ಲಿದೆ? ಅವರ ಒಂದು ದಿನದ ಕೆಲಸ ನೋಡಿ ಬರೆಯಲೆಂದು ಜತೆಗೆ ಹೊರಟಿರುವ ನನಗೆ ಸಿಟ್ಟು ಬರುತ್ತದೆ. ಮೈಲಾರಪ್ಪನವರಿಗೆ ಬರುವುದಿಲ್ಲ.

“ನಿಯಮ ಚಲೋನ ಐತ್ರಿ ತಮ್ಮಾ” ಎಂದು ಅವರು ನನ್ನನ್ನೇ ಸಮಾಧಾನ ಮಾಡುತ್ತಾರೆ. “ಅಬ್ಬಿಗೇರಿ ವೀರವ್ವ ಅಂತ ಒಬ್ಬ ಅಜ್ಜಿ. ಯಾವನೋ ಒಬ್ಬ ‘ನಾ ಗುಮಾಸ್ತ ಅದೀನಿ’ ಅಂತ ಆಕಿ ಹೊಲದ ಅಸಲ ಕಾಗದ ಇಸ್ಕೊಂಡ ಹೋದಾವ ತಿರಗಿ ಬರಲಿಲ್ಲ. ನಕಲ ತಗದ ಕೊಡಾಕ ನನಗ ಎರಡ ತಿಂಗಳ ಹತ್ತಿತು. ಕಾರ್ಡ ಇದ್ದಿದ್ರ ಆಕಿ ಕೇಳ್ತಿದ್ಳಲ್ರಿ, ತೋರ್ಸಪಾ ಅಂತ.”

ಮೈಲಾರಪ್ಪನವರದು ಗಜೇಂದ್ರಗಡದ ನೇಕಾರ ಮನೆತನ. ಅಪ್ಪನಿಗೆ ಎದೆನೋವು ಬಂದು ಮಗ್ಗ ನಿಂತಾಗ ಸಾಲಿ ಬಿಟ್ಟು ತಾವೇ ನೇಯಲು ಮಗ್ಗದ ಕುಣಿಗೆ ಇಳಿದರು. ಸೀರೆಗಳ ಮೇಲೆ ಅಂಟಿಸುವ ಚೀಟಿಗಳನ್ನು ಇಡೀ ಓಣಿಗೆ ಅವರೇ ಬರೆದುಕೊಡುತ್ತಿದ್ದರು. ಒಂದು ದಿನ ಚಂದ್ರಶೇಖರಪ್ಪ ವಕೀಲರು ತಂಗಿಯ ಮದುವೆಗೆ ಸೀರೆ ಕೊಳ್ಳಲು ಬಂದರು. ಸೀರೆ ಬಿಟ್ಟು ಚೀಟಿಯನ್ನೇ ನೋಡುತ್ತ ನಿಂತರಂತೆ. “ಇದನ್ನ ಬರದಾವ ಯಾಂವ?” ಎಂದು ಕೇಳಿದರು. ಮರುವಾರ ಮೈಲಾರಪ್ಪ ರೋಣದ ಬಸ್ ಹತ್ತಿದರು. ಆಗ ಅವರಿಗೆ ಇಪ್ಪತ್ತೆರಡು. ಈಗ ಐವತ್ತನಾಲ್ಕು.

ಕೋರ್ಟಿನ ಕೆಲಸ ಅವರಿಗೆ ಯಾರೂ ಕಲಿಸಲಿಲ್ಲ. ಮೊದಲ ವರ್ಷ ಸ್ಟಾಂಪು ಹಚ್ಚುವುದನ್ನು ಮರೆತು ಒಂದು ದಾವೆ ವಾಪಸು ಬಂದಾಗ ಮೂರು ದಿನ ಊಟ ಬಿಟ್ಟಿದ್ದರು. ಈಗ ದಿನಕ್ಕೆ ಹದಿನೈದಿಪ್ಪತ್ತು ಕಡತ, ಆಫೀಸಿನಿಂದ ಕೋರ್ಟಿಗೆ ಹನ್ನೆರಡು ಸಲ ಓಡಾಟ, ನಾಲ್ಕೈದು ನಕಲು ಅರ್ಜಿ. ಜತೆಗೆ “ಮುಂದಿನ ತಾರೀಖು ಯಾವಾಗ್ರಿ?” ಎಂಬ ಫೋನು ಕನಿಷ್ಠ ಮೂವತ್ತು. ಒಂದಕ್ಕೂ ಪುಸ್ತಕ ನೋಡುವುದಿಲ್ಲ. ಸವಡಿಯ ಒಬ್ಬರು ನನ್ನೆದುರೇ ಫೋನು ಮಾಡಿದರು. ಅವರು ಹೆಸರು ಹೇಳುವ ಮೊದಲೇ ಮೈಲಾರಪ್ಪ ದನಿ ಗುರುತು ಹಿಡಿದು ತಾರೀಖು ಹೇಳಿಬಿಟ್ಟರು.

ಇಂಥ ಮನುಷ್ಯ ತನ್ನ ಅರ್ಜಿಯಲ್ಲೇ ಎಡವಿದ್ದಾರೆ. ಹೊಸ ನಿಯಮ ಬಂದ ಮೇಲೆ ಕೋರ್ಟಿನ ಆವರಣದ, ಎಸ್ಸೆಸ್ಸೆಲ್ಸಿ ಪಾಸಾದ ಹದಿನಾಲ್ಕು ಗುಮಾಸ್ತರ ಫಾರಂ ತುಂಬಿಕೊಟ್ಟವರು ಇವರೇ. ಹದಿನಾಲ್ಕೂ ಮಂಜೂರಾದವು. ಹದಿನೈದನೆಯದು ಇವರದು, ವಾಪಸು ಬಂತು. ಫಾರಂ ಮೇಲೆ ಫೋಟೋ ಮೈಲಾರಪ್ಪನವರದು, ವಿಳಾಸ ಮೈಲಾರಪ್ಪನವರದು. ‘ಅರ್ಜಿದಾರರ ಹೆಸರು’ ಎಂಬಲ್ಲಿ ಮಾತ್ರ ದುಂಡಗೆ, ಅಂದವಾಗಿ, ‘ಶ್ರೀ ಚಂದ್ರಶೇಖರಪ್ಪ, ವಕೀಲರು’ ಎಂದಿದೆ.

“ಕೈಗೆ ರೂಢಿ ಆಗೇತ್ರಿ. ಆ ಗೆರಿ ಮ್ಯಾಲ ಪೆನ್ನ ಇಟ್ಟರ ಅದs ಹೆಸರ ಬರತೈತಿ” ಎಂದು ಅವರು ತಲೆ ಕೆರೆದುಕೊಳ್ಳುತ್ತಾರೆ.

ಆ ದಿನ ಆವರಣವೆಲ್ಲ ಹೊಟ್ಟೆ ಹಿಡಿದು ನಕ್ಕಿತಂತೆ. ಎಪ್ಪತ್ತು ದಾಟಿದ ಚಂದ್ರಶೇಖರಪ್ಪನವರು ಈಗಲೂ ಬಿಟ್ಟಿಲ್ಲ. ನಾವು ಆಫೀಸಿಗೆ ಕಾಲಿಟ್ಟೊಡನೆ, “ಬಾರೋ ಮೈಲಾರಿ. ನನ್ನನ್ನs ಗುಮಾಸ್ತ ಮಾಡಾಕ ಹೊಂಟಿದ್ದೆಲ್ಲಾ, ಪಗಾರ ಎಷ್ಟ ಕೊಡ್ತಿ?” ಎಂದರು. ಮೈಲಾರಪ್ಪ ನೆಲ ನೋಡುತ್ತ ಕಡತ ಇಟ್ಟರು. ಅವರು ಆ ಕಡೆ ಹೋದ ಮೇಲೆ ವಕೀಲರ ನಗೆ ಇಳಿಯಿತು. “ಇವ ಒಳಗ ಹೋಗಾಂಗಿಲ್ಲ ಅಂದ್ರ ನನ್ನ ವಕಾಲತ್ತೂ ಮುಗೀತು ಅಂತ ತಿಳ್ಕೊ ತಮ್ಮಾ. ಕಾಯಿದಾ ನನಗ ಗೊತ್ತು. ಯಾವ ಕಾಗದ ಎಲ್ಲೈತಿ ಅನ್ನೋದು ಅವಗಷ್ಟ ಗೊತ್ತು. ನಾ ಪ್ರಮಾಣಪತ್ರ ಬರದಕೊಟ್ಟೆ. ವಕೀಲರ ಮಾತ ಸಾಲಾಂಗಿಲ್ಲ, ಕೋರ್ಟಿಂದs ದಾಖಲಿ ಬೇಕು ಅಂದ್ರು.”

ದಾರಿ ತೋರಿಸಿದ್ದು ನಕಲು ವಿಭಾಗದ ಇಷ್ರತ. ಆರು ವರ್ಷದಿಂದ ಅಲ್ಲಿ ಕೆಲಸದಲ್ಲಿರುವ ಈಕೆಗೆ ಮೈಲಾರಪ್ಪ ಕಾಕಾ. “ಕಾಕಾರ ಕಟ್ಟಿದ ಫೈಲು ಕತ್ತಲ್ಯಾಗೂ ಗುರ್ತ ಸಿಗ್ತಾವ್ರಿ, ಗಂಟ ಮುಟ್ಟಿದ್ರ ಸಾಕು. ಆದ್ರ ಗಂಟಿಗೆ ಕೋರ್ಟಿನ ಸಿಕ್ಕಾ ಹೊಡದ ಕೊಡಾಕ ಬರ್ತೈತೇನ್ರಿ?” ಎನ್ನುತ್ತಾರೆ. ಗಂಟಿಗೆ ಬದಲಾಗಿ ಅವರಿಗೆ ಹೊಳೆದದ್ದು ನಕಲು ವಹಿ. ಕೋರ್ಟಿನಿಂದ ಯಾವ ಕಾಗದದ ನಕಲು ಹೊರಗೆ ಹೋದರೂ ಅದನ್ನು ಕೈಯಲ್ಲಿ ಪಡೆದವರು ಈ ವಹಿಯ ಕೊನೆಯ ಕಾಲಮ್ಮಿನಲ್ಲಿ ಪೂರಾ ಹೆಸರು ಬರೆದು ಸಹಿ ಮಾಡಬೇಕು. ವಕೀಲರು ನಕಲಿಗೆ ಸಾಲಿನಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ಗುಮಾಸ್ತ. ಇಷ್ರತ ಧೂಳು ಕೊಡವಿ ಹನ್ನೆರಡು ವರ್ಷ ಹಿಂದಿನ ವಹಿ ತೆಗೆದರೆ, ಒಂದು ಪುಟದ ಹದಿನೆಂಟು ಸಹಿಗಳಲ್ಲಿ ಏಳು ಇವರವು. ಮುಂದಿನ ಪುಟದಲ್ಲಿ ಒಂಬತ್ತು. ಅಲ್ಲಿಂದ ಈಚೆಗೆ ಒಂದು ವರ್ಷವೂ ತಪ್ಪಿಲ್ಲ.

ವರ್ಷಕ್ಕೊಂದು ಪುಟದಂತೆ ನಕಲು ಕೊಡಿ ಎಂದು ಮೈಲಾರಪ್ಪ ಮಂಗಳವಾರ ಅರ್ಜಿ ಬರೆದರು. ಇಷ್ರತ ಅದನ್ನು ಕಿಟಕಿಯಿಂದಲೇ ತಿರುಗಿ ದೂಡಿದರು. “ಕಾಕಾ, ಮತ್ತ ಸಾಹೇಬ್ರ ಹೆಸರ ಬರದೀರಿ ನೋಡ್ರಿ! ಕಾಕಿ ಹೆಸರರ ನೆನಪೈತಿಲ್ಲೋ?” ಹಿಂದೆ ಸಾಲಿನಲ್ಲಿದ್ದವರೂ ನಕ್ಕರು. ಮೈಲಾರಪ್ಪ ಬೇರೆ ಹಾಳೆ ಇಸಿದುಕೊಂಡು ಗೋಡೆಗೆ ಹಚ್ಚಿ ಬರೆದರು.

ಇವತ್ತು ಮೂರೂವರೆಯಾದರೂ ನಕಲಿಗೆ ಸಹಿ ಬಿದ್ದಿಲ್ಲ. ಸಹಿ ಹಾಕಬೇಕಾದ ಅಧಿಕಾರಿ ಕಲಾಪದಲ್ಲಿದ್ದಾರೆ. ನಾನು ಕಿಟಕಿಯ ಮುಂದೆ ಚಡಪಡಿಸುತ್ತಿದ್ದೇನೆ. ಮೈಲಾರಪ್ಪ ಮಾತ್ರ ಮೆಟ್ಟಿಲ ಮೇಲೆ ಕೂತು ಪಕ್ಷಗಾರರೊಬ್ಬರ ವಕಾಲತ್ತು ತುಂಬುತ್ತಿದ್ದಾರೆ. “ಈಗ ಅದೇನ ಅರ್ಜೆಂಟ್ರಿ? ನಿಮ್ಮದ ನೋಡ್ಕೋರಿ!” ಎಂದು ನಾನು ದನಿ ಏರಿಸಿದರೆ, “ಅವರ ಬಸ್ಸು ನಾಕಕ್ಕೈತಿ. ನಂದು ಐದಕ್ಕ” ಎನ್ನುತ್ತಾರೆ. ಆದರೂ ಒಂದು ಕಣ್ಣು ಕಿಟಕಿಯ ಮೇಲೇ ಇದೆ. ವಕೀಲರ ಹೆಸರನ್ನು ಮಾತ್ರ ಹಾಳೆ ನೋಡದೆಯೇ ಬರೆಯುತ್ತಾರೆ.

ನಾಲ್ಕೂ ಹತ್ತಕ್ಕೆ ಇಷ್ರತ ಕೂಗಿದರು. ಹನ್ನೆರಡು ಪುಟ, ಪ್ರತಿಯೊಂದರ ಮೇಲೂ ಸಿಕ್ಕಾ. ಅವರು ಈ ವರ್ಷದ ವಹಿಯನ್ನು ಕಿಟಕಿಯತ್ತ ತಿರುಗಿಸಿ ಬೆರಳಿಟ್ಟು ತೋರಿಸಿದರು. ‘ಅರ್ಜಿದಾರರು’ ಎಂಬ ಕಾಲಮ್ಮಿನಲ್ಲಿ ಮೈಲಾರಪ್ಪ. ‘ಪಡೆದವರು’ ಎಂಬ ಕಾಲಮ್ಮು ಖಾಲಿ. ಅಲ್ಲಿ ಮೈಲಾರಪ್ಪ ಹೆಸರು ಬರೆದು ಸಹಿ ಮಾಡಿದರು. ಒಂದೇ ಸಾಲಿನಲ್ಲಿ ಎರಡು ಸಲ ತನ್ನ ಹೆಸರು. ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. “ಕಾಕಾ, ಶಾಯಿ ಒಣಗೇತಿ, ಲಗೂ ಹೋಗ್ರಿ!” ಎಂದು ಇಷ್ರತ ಗದರಿದ ಮೇಲೇ ಕಾಲು ಕಿತ್ತರು.

ನೋಂದಣಿ ಸಮಿತಿಯ ಮೇಜಿನಲ್ಲಿ ಹೊಸ ಫಾರಂ ಸ್ವೀಕೃತವಾದಾಗ ನಾಲ್ಕೂ ಐವತ್ತು. ಪುಟ ತಿರುವಿ, ಸಹಿ ಎಣಿಸಿ, ಅಲ್ಲಿದ್ದವರು ತಲೆಯಾಡಿಸಿದರು. ದಾಖಲೆ ಸಾಕು, ಚೀಟಿ ಹದಿನೈದು ದಿನದೊಳಗೆ ಎಂದರು. ಸ್ವೀಕೃತಿ ಪತ್ರವನ್ನು ಮೈಲಾರಪ್ಪ ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟರು. ಆಮೇಲೆ ಮರುದಿನದ ಬೋರ್ಡು ನೋಡಲು ಮೊಬೈಲು ತೆಗೆದರು.

ಗಜೇಂದ್ರಗಡದ ಅವರ ಮನೆಯಲ್ಲಿ ಮಗ್ಗ ಈಗಲೂ ನಡೆಯುತ್ತದೆ. ಹೆಂಡತಿ ಕಲ್ಲವ್ವ ನೇಯುತ್ತಾರೆ. ನಾವು ಹೋದಾಗ ದೀಪ ಹಚ್ಚುವ ಹೊತ್ತು. ಬಾಗಿಲ ಪಕ್ಕದ ಗೂಟಕ್ಕೆ ಕೆಂಪು ಹಸಿರಿನ, ಎರಡು ಬೆರಳು ಅಗಲದ ಪಟ್ಟಿಯೊಂದು ತೂಗಾಡುತ್ತಿತ್ತು. ಸೀರೆಯ ದಡಿಯಂತೆ ಕಾಣುತ್ತದೆ, ಸೀರೆಯಿಲ್ಲ.

“ಕಾರ್ಡ ಹಾಕ್ಕೊಳ್ಳಾಕ್ರಿ” ಎಂದರು ಕಲ್ಲವ್ವ. “ಪ್ಲಾಸ್ಟಿಕ್ ಲಾಡಿ ಕೊಡ್ತಾರಂತ. ಅದು ಕುತಗಿಗೆ ಹತ್ತತೈತಿ. ಫಾರಂ ತಿರಗಿ ಬಂದ ದಿನಾನ ಇದನ್ನ ನೇದ ಇಟ್ಟೀನಿ. ಕಾರ್ಡ ಬರೂದ ಬರತೈತಿ ಬಿಡ್ರಿ, ತಡಾ ಆಗಬೌದು.”

ಪಟ್ಟಿಯ ಎರಡು ತುದಿ ಸೇರಿಸಿ ಹಾಕಿದ ಗಂಟು ನನಗೆ ಗುರುತು ಸಿಕ್ಕಿತು. ಬೆಳಿಗ್ಗೆ ಬಸ್ಸಿನಲ್ಲಿ ಹತ್ತೊಂಬತ್ತು ಸಲ ನೋಡಿದ್ದೆ.

ಚಹಾದ ಕಪ್ಪು ಕೈಗೆ ಕೊಡುತ್ತ ಕಲ್ಲವ್ವ ಗಂಡನತ್ತ ತಿರುಗಿದರು. “ಹೌದು, ಫಾರಂ ಬರದ್ರಿ ಖರೇ, ಹೆಸರ ಯಾರ್ದ ಬರದೀರಿ?”

ಮೈಲಾರಪ್ಪ ಒಳಜೇಬಿನಿಂದ ಸ್ವೀಕೃತಿ ಪತ್ರ ತೆಗೆದು ಮಡಿಕೆ ಬಿಚ್ಚಿದರು. ಓದಲು ಬಾರದ ಹೆಂಡತಿಯ ಮುಂದೆ ಹಿಡಿದು, ಒಂದು ಸಾಲಿನ ಕೆಳಗೆ ಬೆರಳಿಟ್ಟರು.

“ಈ ಸಲ ನಂದ ಬರದೀನಿ.”