ತಟ್ಟೆ ಮುಂದೆ ಕೂತವನು

ನಮ್ಮ ಬೀದಿಯ ಹಳೆಯ ಹೋಟೆಲಿನ ಒಡತಿಯನ್ನು ಎಲ್ಲರೂ ಸೌಟಮ್ಮ ಎಂದೇ ಕರೆಯುತ್ತಾರೆ. ಮದುವೆಯಾಗಿ ಈ ಬೀದಿಗೆ ಬಂದ ಹೊಸತರಲ್ಲಿ ನನಗೆ ಅಲ್ಲಿ ಕಾಲಿಡುವುದಕ್ಕೇ ಹೆದರಿಕೆ. ನೀರು ಕುದಿಸಿದ್ದೋ ಅಲ್ಲವೋ, ಲೋಟ ತೊಳೆದಿದ್ದಾರೋ ಇಲ್ಲವೋ! ಮಗು ಹುಟ್ಟಿದ ಮೇಲೆ ಮಧ್ಯಾಹ್ನ ಒಲೆ ಹಚ್ಚಲು ಕೈಯೇ ಆಡದೆ ಅಲ್ಲಿಗೇ ಹೋಗತೊಡಗಿದೆ.

"ಬಾರೇ ಭಯದ ಬುಟ್ಟಿ," ಎಂದು ಸೌಟಮ್ಮ ನನ್ನ ಕಣ್ಣೆದುರೇ ಮಗುವಿನ ಬಟ್ಟಲನ್ನು ಕುದಿನೀರಿನಲ್ಲಿ ಅದ್ದುತ್ತಿದ್ದರು. "ಸಾಕಾ? ಇಲ್ಲ, ನಿನ್ನನ್ನೂ ಒಂದ್ಸಲ ಅದ್ದಿ ತೆಗೀಲಾ?"

ಆ ಹೋಟೆಲಿಗೊಂದು ಕಟ್ಟುಪಾಡಿದೆ. ತಟ್ಟೆ ಮುಂದೆ ಕೂತವನ ಮೇಲೆ ಯಾರೂ ಕೈಮಾಡುವಂತಿಲ್ಲ. ಸೌಟಮ್ಮನ ಗಂಡ ಒಂದು ದಿನ ಮೂಲೆಯ ಮೇಜಿನಲ್ಲಿ ಉಣ್ಣುತ್ತಿದ್ದಾಗ ಯಾವನೋ ಹಿಂದಿನಿಂದ ಬಂದು ಸಲಾಕೆಯಿಂದ ತಲೆ ಒಡೆದುಬಿಟ್ಟನಂತೆ. ಬಾಯಿಗಿಟ್ಟ ತುತ್ತು ನುಂಗುವ ಮೊದಲೇ ಜೀವ ಹೋಯಿತಂತೆ. ಮೇಜಿನ ಅಂಚಿನಲ್ಲಿ ಆ ಪೆಟ್ಟಿನ ಗುರುತು ಈಗಲೂ ಇದೆ. ಅಂದಿನಿಂದ ಬೀದಿಯ ಜಗಳಗಳೆಲ್ಲ ಆ ಹೊಸ್ತಿಲಲ್ಲಿ ನಿಲ್ಲುತ್ತವೆ. ಬಡಗಿ ತನ್ನ ತಮ್ಮನನ್ನು ಉಳಿ ಹಿಡಿದು ಅಟ್ಟಿಸಿಕೊಂಡು ಬಂದು, ಅವನು ತಟ್ಟೆ ಹಾಕಿಸಿಕೊಂಡದ್ದು ಕಂಡು, ಏದುಸಿರು ಬಿಡುತ್ತಾ ಎದುರಿಗೇ ಊಟಕ್ಕೆ ಕೂತದ್ದನ್ನು ನಾನೇ ನೋಡಿದ್ದೇನೆ.

ಈ ಕಟ್ಟುಪಾಡನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವನು ಸೌಟಮ್ಮನ ಅಳಿಯ. ಹೆಂಡತಿಯನ್ನು ಚಚ್ಚುವುದು, ಆಮೇಲೆ ನೇರ ಅತ್ತೆಯ ಹೋಟೆಲಿಗೇ ಬಂದು ಉಣ್ಣುವುದು. ಬೀದಿಯವರು ಹಲ್ಲು ಕಡಿಯುತ್ತಾ ಬಾಗಿಲಲ್ಲಿ ನಿಂತರೆ ಕೊನೆಯದೊಂದು ತುತ್ತು ಉಳಿಸಿಕೊಂಡು, ಅವರು ಬೇಸತ್ತು ಹೋಗುವ ತನಕ ಅದನ್ನೇ ಬೆರಳಲ್ಲಿ ಆಡಿಸುತ್ತಿದ್ದ.

ಕಳೆದ ವಾರ ನಾನು ಮಗುವಿಗೆ ಉಣಿಸುತ್ತಿದ್ದಾಗ ಸೌಟಮ್ಮನ ಮಗಳು ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದು ಬಿದ್ದಳು. ತುಟಿ ಸೀಳಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. "ಅಮ್ಮಾ, ಇನ್ನು ಅಲ್ಲಿಗೆ ಹೋಗಲ್ಲ," ಎಂದಳು. ಅಷ್ಟರಲ್ಲಿ ಅವನು ಮುಂಬಾಗಿಲಿನಿಂದ ಬಂದು, ಸೊಂಟದ ಚಾಕು ತೆಗೆದು ಮೇಜಿನ ಮೇಲಿಟ್ಟು ಕೂತ.

"ಬಡಿಸಿ ಅತ್ತೆ. ಉಂಡು ಅವಳನ್ನ ಕರ್ಕೊಂಡು ಹೋಗ್ತೀನಿ. ಬರಲ್ಲ ಅಂದ್ರೆ ಇಲ್ಲೇ ಮುಗಿಸ್ತೀನಿ."

ಸೌಟಮ್ಮ ಬಡಿಸಿದರು. ಬಾಗಿಲಲ್ಲಿ ಜನ ಸೇರಿತು. ನಾನು ಏಳಲೂ ಆಗದೆ ಕೂರಲೂ ಆಗದೆ ಮಗುವನ್ನು ಅವುಚಿಕೊಂಡೆ.

"ಹೊರಗೆ ಬಾರೋ ಗಂಡಸೇ," ಎಂದ ಬಡಗಿ.

"ಊಟ ಮಾಡ್ತಿದೀನಲ್ಲಣ್ಣ, ಕಾಣಲ್ವಾ?" ಕೊನೆಯ ತುತ್ತನ್ನು ಎತ್ತಿ ತೋರಿಸಿದ. "ಅತ್ತೆ ಮಾತು ಮೀರ್ತೀಯಾ?"

ಆಗ ಸೌಟಮ್ಮ ತಮ್ಮ ಜನ್ಮದಲ್ಲಿ ಮಾಡದ ಕೆಲಸ ಮಾಡಿದರು. ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡುಬಿಟ್ಟರು.

"ನಿನ್ನ ಊಟ ಆಯ್ತು. ಏಳು."

ಅವನು ಚಾಕು ಬೀಸಿದ. ಸೌಟಮ್ಮನ ತೋಳು ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿತು. ತಟ್ಟೆಯನ್ನು ಮಾತ್ರ ಅವರು ಬಿಡಲಿಲ್ಲ. ನಾನು ಮಗುವಿನ ಮುಖವನ್ನು ಸೆರಗಿನಲ್ಲಿ ಮುಚ್ಚಿ ಮೇಜಿನಡಿ ನುಗ್ಗಿದೆ. ಬಡಗಿ ತಾನೇ ಮಾಡಿಕೊಟ್ಟಿದ್ದ ಬೆಂಚನ್ನು ಎತ್ತಿ ಬೀಸಿದ. ಮೂಳೆ ಮುರಿದ ಸದ್ದು ಕೇಳಿತು. ಚಾಕು ಜಾರಿ ನನ್ನ ಪಾದದ ಹತ್ತಿರ ಬಂದು ನಿಂತಿತು. ಆಮೇಲೆ ಬರೀ ಕಾಲುಗಳು, ಒದೆಗಳು. ಒಂದು ಹಲ್ಲು ನೆಲದ ಮೇಲೆ ಉರುಳಿತು. ಅವನ ಕೂಗು ನರಳಾಟವಾಯಿತು, ನರಳಾಟವೂ ನಿಲ್ಲುತ್ತಾ ಬಂತು. ಬಡಗಿ ತಲೆಗೇ ಗುರಿಯಿಟ್ಟು ಮತ್ತೆ ಬೆಂಚು ಎತ್ತಿದ.

ಠಣ್ ಎಂದು ತಟ್ಟೆ ನೆಲಕ್ಕೆ ಬಂತು, ಬಿದ್ದಿದ್ದವನ ಮುಖದ ಮುಂದೆ. ಸೌಟಮ್ಮನ ರಕ್ತ ಅದರೊಳಗೆ ತೊಟ್ಟಿಕ್ಕುತ್ತಿತ್ತು.

"ತಟ್ಟೆ ಇಟ್ಟಿದೀನಿ. ಕೈ ತೆಗೀರಿ."

"ಇವನಿಗಾ ಅಮ್ಮ?" ಬಡಗಿ ಎತ್ತಿದ ಬೆಂಚನ್ನು ಹಾಗೇ ಹಿಡಿದಿದ್ದ.

"ಇಲ್ಲಿ ಇನ್ನೊಂದು ಹೆಣ ಬೀಳ್ಬಾರ್ದು. ಇಳಿಸೋ ಬೆಂಚು."

ಬೆಂಚು ಇಳಿಯಿತು. ಮಗಳು ಓಡಿಬಂದು ತಾಯಿಯ ತೋಳಿಗೆ ತನ್ನ ಸೆರಗು ಹರಿದು ಬಿಗಿದಳು. "ಇನ್ನು ಇವನಿಗೆ ಬಡಿಸ್ಬೇಡಮ್ಮ," ಎಂದಳು.

"ಇದೇ ಕೊನೆ," ಎಂದರು ಸೌಟಮ್ಮ.

ಪೊಲೀಸರು ಬರುವವರೆಗೂ ಅವನು ಅಲ್ಲೇ ಬಿದ್ದಿದ್ದ. ಬಾಯಿ ತುಂಬ ರಕ್ತ, ಒಂದಗುಳೂ ಒಳಗಿಳಿಯುವಂತಿರಲಿಲ್ಲ. ಆದರೂ ಮುರಿಯದೆ ಉಳಿದಿದ್ದ ಒಂದು ಕೈಯಲ್ಲಿ ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.