ಮಂಡಿ ಕೆಳಗಿನ ಗೋಣಿ

ನಮ್ಮಪ್ಪನನ್ನು ನಮ್ಮೂರು ಕೋಗಿಲಿನಲ್ಲಿ ಎಲ್ಲರೂ ಉದ್ದಗೈ ಸೊಣ್ಣಪ್ಪ ಅಂತಲೇ ಕರೆಯುತ್ತಿದ್ದರು. ಬಂಗಲೆಗಳಿಗೆ, ಕ್ಲಬ್ಬುಗಳಿಗೆ ಹಲಗೆ ನೆಲ ಹಾಕುವುದು ಅವನ ಕೆಲಸ. ಅಡಿಯಲ್ಲಿ ಸಾಲಾಗಿ ತೊಲೆ ಜೋಡಿಸಿ, ಮೇಲೆ ತೇಗದ ಹಲಗೆ ಕೂರಿಸಿ, ಒಂದೊಂದು ತೊಲೆಗೂ ಮೊಳೆ ಹೊಡೆಯಬೇಕು. ಬೇರೆಯವರು ಒಂದು ಮೊಳೆ ಹೊಡೆದು ಪಕ್ಕಕ್ಕೆ ಸರಿದರೆ, ಅಪ್ಪ ಕುಕ್ಕರಗಾಲಲ್ಲಿ ಕೂತ ಜಾಗ ಬಿಡದೆ ಮೈ ಚಾಚಿ ನಾಲ್ಕು ಹೊಡೆಯುತ್ತಿದ್ದ. ಊಟಕ್ಕೆ ಕೂತರೂ ಅದೇ ಜಂಬ. ಕೇಳಿ ಕೇಳಿ ನನಗೆ ರೇಗಿಹೋಗಿತ್ತು.

ಅರವತ್ತೆರಡನೇ ಇಸವಿಯಲ್ಲಿ ಯಲಹಂಕದ ಹತ್ತಿರ ಒಂದು ಕ್ಲಬ್ಬಿನಲ್ಲಿ ಷಟಲ್ ಆಡುವ ಹಾಲಿಗೆ ನೆಲ ಹಾಕುತ್ತಿದ್ದರು. ನಾಲ್ಕನೇ ದಿನ ಅಪ್ಪನ ಸೊಂಟ ಹಿಡಿದುಕೊಂಡಿತು. ಸುತ್ತಿಗೆ ಕೈಯಲ್ಲೇ ಇತ್ತು, ಏಳಲು ಆಗಲಿಲ್ಲ. ಮೇಸ್ತ್ರಿ ಮೊಯಿನುದ್ದೀನ್ ಎತ್ತಿನ ಗಾಡಿಯಲ್ಲಿ ಮಲಗಿಸಿ ಕರೆತಂದರು.

“ಸೋಮವಾರ ಬಂದ್ರೆ ಸರಿ ಸೊಣ್ಣಪ್ಪ. ಇಲ್ಲಾಂದ್ರೆ ಬೇರೆಯವ್ರನ್ನ ಹಾಕ್ಕೋಬೇಕಾಗ್ತದೆ. ನಿಂಗೆ ಗೇಟ್ ಕಾಯೋ ಕೆಲಸ ಕೊಡಿಸ್ತೀನಿ, ಯೋಚ್ನೆ ಮಾಡ್ಬೇಡ,” ಅಂದರು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಲವತ್ತು ವರ್ಷಕ್ಕೇ ಸುತ್ತಿಗೆ ಬಿಟ್ಟು ಗೇಟಿನಲ್ಲಿ ಕೂರುವುದೇ? ಅಪ್ಪನ ಕಣ್ಣಲ್ಲಿ ನೀರು ಬಂತು.

ಅಮ್ಮ ಹರಳೆಣ್ಣೆ ತಿಕ್ಕಿ, ಉಪ್ಪಿನ ಶಾಖ ಕೊಟ್ಟಳು. ಮೂರನೇ ದಿನಕ್ಕೆ ಅಪ್ಪ ಮಗ್ಗುಲಾಗುವಷ್ಟು ಆದ. ಹಗಲು ಹೊತ್ತು ಅವನು ಮನೆಯಲ್ಲಿ ಇದ್ದದ್ದೇ ಅಪರೂಪ. ಚಾಪೆಯ ಮೇಲೆ ಮಲಗಿ, ಅಮ್ಮ ಸಗಣಿಯಿಂದ ನೆಲ ಸಾರಿಸುವುದನ್ನು ನೋಡುತ್ತಿದ್ದ.

ಊರಿನ ಹೆಂಗಸರೆಲ್ಲ ಸೊಂಟ ಬಗ್ಗಿಸಿ, ಕೈ ಬೀಸಿ ಸಾರಿಸುತ್ತಿದ್ದರು. ನಮ್ಮಮ್ಮ ಮಾತ್ರ ಮಡಿಸಿದ ಗೋಣಿಯ ಮೇಲೆ ಒಂದು ಮಂಡಿ ಊರುತ್ತಿದ್ದಳು. ಎದುರಿಗೆ ಕೈಗೆ ಸಿಕ್ಕಷ್ಟೇ ಸಾರಿಸಿ, ಗೋಣಿ ಎಳೆದುಕೊಂಡು ಹಿಂದಕ್ಕೆ ಸರಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮಂಡಿ ಬದಲಿಸುತ್ತಿದ್ದಳು, ಆಗಾಗ ಎದ್ದು ನೀರು ತರುತ್ತಿದ್ದಳು. ಮೈಗಳ್ಳಿ ಅಂತ ಅಜ್ಜಿ ಬೈಯುತ್ತಲೇ ಇದ್ದಳು.

“ಮುನಿನಾರಾಯಣಿ, ನೀನ್ ಯಾಕೆ ಇಂಗೆ ಮಂಡಿ ಊರ್ತೀಯ?” ಅಂತ ಅಪ್ಪ ಕೇಳಿದ.

ಅಮ್ಮ ಅಪ್ಪನ ಅಕ್ಕನ ಮಗಳು. ಮದುವೆಯಾದ ಮೇಲೂ ಅವನು ಅವಳಿಗೆ ಮಾವನೇ. “ಕೈ ಚಾಚಿದ್ರೆ ಸೊಂಟ ಇಡ್ಕೊತದೆ ಮಾವ. ಅದಕ್ಕೇ ನಾನೇ ಸರ್ಕೊತೀನಿ.”

“ಯಾವಾಗಿಂದ?”

“ಇವಳು ಉಟ್ಟಿದಾಗಿಂದ.” ನನ್ನ ಕಡೆ ಗದ್ದ ಎತ್ತಿ ತೋರಿಸಿದಳು. ನನಗಾಗ ಹನ್ನೆರಡು ವರ್ಷ.

“ನಂಗ್ಯಾಕೆ ಏಳ್ಲಿಲ್ಲ?”

“ಏಳಿದ್ನಲ್ಲ. ಎಂಗಸ್ರಿಗೆಲ್ಲ ಇದ್ದದ್ದೇ ಅಂದೆ.”

ಸಿಟ್ಟಿನಿಂದ ಹೇಳಲಿಲ್ಲ ಅವಳು. ನನಗೇ ಸಿಟ್ಟು ಬಂದದ್ದು. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದು ಈ ಮನುಷ್ಯ ಏನು ನೋಡುತ್ತಿದ್ದ ಅನ್ನಿಸಿತು. ಅವತ್ತು ಅಪ್ಪ ಮುದ್ದೆ ಮುರಿದವನು ಹಾಗೆಯೇ ಬಿಟ್ಟ.

ಸೋಮವಾರದ ಹೊತ್ತಿಗೆ ಎದ್ದು ಓಡಾಡುವಂತಾಗಿ, ಗೋಣಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋದ. ಮಂಡಿ ಊರಿ, ಒಂದೇ ಮೊಳೆ ಹೊಡೆದು, ಪಕ್ಕಕ್ಕೆ ಸರಿದ. ಸಾಲು ಮುಗಿದಾಗ ಮಂಡಿ ಬದಲಿಸಿದ. ಹಲಗೆ ತರುವ ನೆಪದಲ್ಲಿ ಎದ್ದು ನಾಲ್ಕು ಹೆಜ್ಜೆ ಓಡಾಡಿದ. ಜೊತೆಯ ವಹಾಬ್ ಬಿಟ್ಟಾನೆಯೇ? “ಏನ್ ಗುರು, ಕೈ ಗಿಡ್ಡ ಆಗೋಯ್ತಾ?” ಅಂತ ಕಿಚಾಯಿಸಿದ.

“ಊಂ, ಆಗೋಯ್ತು,” ಅಂದನಂತೆ ಅಪ್ಪ. ಆ ಹಾಲಿನ ನೆಲ ಅವನೇ ಮುಗಿಸಿದ. ಮೇಸ್ತ್ರಿ ಮತ್ತೆ ಗೇಟಿನ ಮಾತು ಎತ್ತಲಿಲ್ಲ.

ಮುಂದಿನ ಶುಕ್ರವಾರ ಅಪ್ಪ ಕೆಲಸಕ್ಕೆ ಹೊರಡುವ ಮೊದಲು ಬೀದಿ ಬಾಗಿಲು ಹಾಕಿ, ಅಗುಳಿ ಇಟ್ಟ. ಯಾರಾದರೂ ನೋಡಿದರೆ ಊರೆಲ್ಲ ನಗುತ್ತದಲ್ಲ! ಸಗಣಿ ಬುಟ್ಟಿ ಎಳೆದುಕೊಂಡು, ಗೋಣಿಯ ಮೇಲೆ ಮಂಡಿ ಊರಿ, ಸಾರಿಸತೊಡಗಿದ. ಅಜ್ಜಿ ಬಾಯಿ ತೆರೆದಳು. ಅಪ್ಪ ಒಂದು ಸಲ ನೋಡಿದ, ಮುಚ್ಚಿಕೊಂಡಳು. ನೆಲವೆಲ್ಲ ಗೀರು ಗೀರು.

ಅಮ್ಮ ಗೋಡೆಗೆ ಒರಗಿ, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಅವಳು ಕೆಲಸವಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

“ಕೈ ಚಾಚ್ಬೇಡ ಮಾವ,” ಅಂದಳು. “ಇಂದಕ್ಕೆ ಸರ್ಕೊ.”

ಅಪ್ಪ ಗೋಣಿ ಎಳೆದುಕೊಂಡು ಸರಿದ.